ಹುಳದ ಮನೆಯ ಬಾಗಿಲು

ನನ್ನ ತಂಗಿ ಬರುವ ಸೋಮವಾರ ಗೌರಿಬಿದನೂರಿನಲ್ಲಿ ಆಂಬುಲೆನ್ಸ್ ಕೆಲಸಕ್ಕೆ ಸೇರುತ್ತಾಳೆ. ಅವಳ ಮೊದಲ ಕೆಲಸ. ಸಮವಸ್ತ್ರ ಕೈಗೆ ಬಂದಾಗಿನಿಂದ ಅದನ್ನು ಎಷ್ಟು ಸಲ ಇಸ್ತ್ರಿ ಮಾಡಿದ್ದಾಳೋ ದೇವರೇ ಬಲ್ಲ. ಸ್ಟೆತಾಸ್ಕೋಪನ್ನು ಕೊರಳಿಗೆ ಹಾಕಿಕೊಂಡು ಕನ್ನಡಿಯ ಮುಂದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತಾಳೆ. ಮದುವೆ ಹೆಣ್ಣು ಕೂಡ ಇಷ್ಟು ನೋಡಿಕೊಳ್ಳುವುದಿಲ್ಲ ಎಂದು ಛೇಡಿಸಿದೆ.

"ನಗಬೇಡ ಕಣೇ. ನೀನು ಇಷ್ಟ್ ವರ್ಷದಿಂದ ಮಾಡ್ತಿದೀಯ. ಏನ್ ಮಾಡ್ಬೇಕು, ಏನ್ ಮಾಡ್ಬಾರ್ದು, ಏನಾದ್ರೂ ಹೇಳಮ್ಮ ನಂಗೆ" ಎಂದಳು.

ಹೇಳಿದೆ. ಹೇಳುವುದಕ್ಕೇನು ಬರ! ಗಾಡಿ ಹತ್ತುವ ಮುಂಚೆ ಬಚ್ಚಲಿಗೆ ಹೋಗಿ ಬಾ, ಆಮೇಲೆ ಯಾವ ಪೆಟ್ರೋಲ್ ಬಂಕಿನವರೂ ನಿನಗೆ ಬೀಗ ತೆಗೆದುಕೊಡುವುದಿಲ್ಲ. ಬ್ಯಾಗಿನಲ್ಲಿ ಕಡ್ಲೆಪುರಿ ಇಟ್ಟುಕೋ. ಜಡೆಯನ್ನು ಗಂಟು ಕಟ್ಟು, ಇಲ್ಲದಿದ್ದರೆ ಪೆಟ್ಟಾದವರು ನೋವಿಗೆ ಅದನ್ನೇ ಹಿಡಿದು ಎಳೆಯುತ್ತಾರೆ. ಓಡಬೇಡ, ಬಿರಬಿರನೆ ನಡೆ. ನೀನು ಓಡಿದರೆ ಮನೆಯವರ ಎದೆ ಒಡೆಯುತ್ತದೆ. ಮೂರ್ಛೆ ಬಂದವರ ಕೈಗೆ ಯಾರಾದರೂ ಬೀಗದ ಕೈ ಕೊಟ್ಟಿರುತ್ತಾರೆ, ಮೂಗಿಗೆ ಈರುಳ್ಳಿ ಹಿಡಿದಿರುತ್ತಾರೆ. ಅವರನ್ನು ಬಯ್ಯಬೇಡ. ಈರುಳ್ಳಿ ಹಿಡಿದ ಅಜ್ಜಿಯ ಕೈಗೆ ಬೇರೆ ಏನಾದರೂ ಕೆಲಸ ಕೊಡು, ಈರುಳ್ಳಿ ತಾನಾಗಿ ಕೆಳಗೆ ಬೀಳುತ್ತದೆ. ಗೋಷಾ ಇರುವ ಅಲೀಪುರದ ಮನೆಗಳಲ್ಲಿ ಹೆಂಗಸರ ಕೋಣೆಗೆ ಹೋಗುವಾಗ ಗಾಡಿ ಓಡಿಸುವವನನ್ನು ಹೊಸ್ತಿಲಾಚೆ ನಿಲ್ಲಿಸಿ ನೀನೊಬ್ಬಳೇ ಹೋಗು, ಆ ಮನೆಯ ಹೆಂಗಸರೇ ಕೈಹಿಡಿದು ಕರೆದುಕೊಂಡು ಹೋಗುತ್ತಾರೆ. ಕುಡುಮಲಕುಂಟೆಯ ಕಾರ್ಖಾನೆಗೆ ಹೋದರೆ ಗೇಟನ್ನು ತೆರೆದೇ ಇರುವಂತೆ ಒಬ್ಬನನ್ನು ಅಲ್ಲೇ ನಿಲ್ಲಿಸು. ಎಲ್ಲ ಕಡೆಯೂ ಒಂದೇ ಪ್ರಶ್ನೆ ಕೇಳುತ್ತಾರೆ, "ಉಳೀತಾರಾ?" ಎಂದು. ಹೂಂ ಎನ್ನಬೇಡ, ಊಹೂಂ ಎನ್ನಲೂ ಬೇಡ. "ಉಸಿರಾಡ್ತಿದಾರೆ, ಹೋಗ್ತಿದೀವಿ" ಅನ್ನು.

ತಂಗಿ ತಲೆಯಾಡಿಸಿ ಕೇಳಿಸಿಕೊಂಡಳು. "ಇಷ್ಟೇನಾ?" ಎಂದಳು. ಇಷ್ಟೇ ಎಂದೆ. ಅದು ಸುಳ್ಳು. ಹೇಳಬೇಕಾದ ಮಾತು ಒಂದಿತ್ತು, ಅದು ನಾಲಿಗೆಯ ತನಕ ಬಂದು ಒಳಗೇ ಹೋಯಿತು. ಅದನ್ನು ನಾನು ಇದುವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ. ಹೆತ್ತವರಿಗೂ ಅರ್ಧವೇ ಹೇಳಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ಶಿಡ್ಲಘಟ್ಟದಲ್ಲಿ. ತರಬೇತಿ ಮುಗಿದು ಬಂದ ಹೊಸತು. ಮೈಯೆಲ್ಲ ಹುಮ್ಮಸ್ಸು, ತಲೆಯೆಲ್ಲ ಪಾಠ. ಆಂಬುಲೆನ್ಸ್ ಓಡಿಸುವವರನ್ನು ನಾವು ಪೈಲಟ್ ಎನ್ನುತ್ತೇವೆ. ನನ್ನ ಪೈಲಟ್ ಅದೇ ಊರಿನ ಮುಸಲ್ಮಾನರು, ರೇಷ್ಮೆ ನೂಲು ತೆಗೆಯುವ ಮನೆತನದವರು, ವಯಸ್ಸಿನಲ್ಲಿ ನನ್ನ ಅಪ್ಪನಷ್ಟು. ಸೇರಿದ ದಿನವೇ ಟೀ ಕುಡಿಸಿ ಒಂದು ಬುದ್ಧಿಮಾತು ಹೇಳಿದ್ದರು.

"ನೋಡಮ್ಮ, ನಮ್ ಕೆಲ್ಸ ಆಸ್ಪತ್ರೆ ಬಾಗ್ಲ ತನ್ಕ. ಅಲ್ಲಿಂದಾಚೆಗೆ ಏನಾಯ್ತು ಅಂತ ಕೇಳಕ್ ಹೋಗ್ಬೇಡ. ಗಾಡಿ ತೊಳಿ, ಮುಂದಿನ್ ಕೇಸಿಗೆ ಹೊರಡು. ಕೇಳ್ದೋರ್ಯಾರೂ ಈ ಕೆಲ್ಸದಲ್ಲಿ ಉಳ್ದಿಲ್ಲ."

ಇದೇನು ಕಲ್ಲು ಹೃದಯ ಎಂದುಕೊಂಡೆ. ಬಾಯಲ್ಲಿ ಮಾತ್ರ ಹೂಂ ಎಂದೆ.

ಆ ಚಳಿಗಾಲದ ಒಂದು ಬೆಳಗ್ಗೆ ಕರೆ ಬಂತು. ಚಿಂತಾಮಣಿ ಕಡೆಯ ಒಂದು ಹಳ್ಳಿ, ಹೆಂಗಸಿಗೆ ವಾಂತಿ, ಪ್ರಜ್ಞೆ ಸರಿಯಿಲ್ಲ. ಬಿಸಿಲು ಬಂದಿದ್ದರೂ ಮಂಜು ಕರಗಿರಲಿಲ್ಲ. ರಸ್ತೆಯ ಎರಡೂ ಬದಿಯ ಹಿಪ್ಪುನೇರಳೆ ತೋಟಗಳಲ್ಲಿ ತಲೆಗೆ ಟವೆಲ್ ಸುತ್ತಿಕೊಂಡವರು ಸೊಪ್ಪು ಕೊಯ್ಯುತ್ತಿದ್ದರು. ಊರ ಬಾಗಿಲಿಗೇ ಜನ ಬಂದು ನಿಂತು ಮನೆ ತೋರಿಸಿದರು.

ಜಗಲಿಯ ಮೇಲೆ ನನ್ನ ಅಮ್ಮನ ವಯಸ್ಸಿನ ಹೆಂಗಸನ್ನು ಮಲಗಿಸಿದ್ದರು. ಹಣೆಗೆ ವಿಭೂತಿ ಬಳಿದಾಗಿತ್ತು, ಒಬ್ಬಾಕೆ ಈರುಳ್ಳಿ ಹಿಡಿದು ಕೂತಿದ್ದಳು. ಮನೆಯ ಯಜಮಾನ, ಆಕೆಯ ಗಂಡ, ಕಂಬಕ್ಕೆ ಒರಗಿ ನಿಂತಿದ್ದ. ಆಕೆ ಕಣ್ಣು ಬಿಡುತ್ತಿದ್ದಳು, ಮುಚ್ಚುತ್ತಿದ್ದಳು. ತಲೆ ಸಿಡಿಯುತ್ತದೆ ಎಂದು ಕೈಯಲ್ಲೇ ತೋರಿಸಿದಳು. ನಾಡಿ ಜೋರಾಗಿ ಓಡುತ್ತಿತ್ತು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ತೋರಿಸುವ ಕ್ಲಿಪ್ಪನ್ನು ಬೆರಳಿಗೆ ಸಿಕ್ಕಿಸಿದೆ. ತೊಂಬತ್ತೊಂಬತ್ತು. ನನಗಿಂತ ಚೆನ್ನಾಗಿದೆ!

ಆಗ ಆಕೆಯ ಸೆರಗಿನಿಂದ ಇದ್ದಿಲಿನ ವಾಸನೆ ಬಂತು.

ತರಬೇತಿಯಲ್ಲಿ ಒಂದು ಮಾತು ಹೇಳಿದ್ದರು. ಕೆಂಡದಿಂದ ಬರುವ ವಿಷದ ಗಾಳಿ ರಕ್ತ ಸೇರಿದರೆ ಈ ಕ್ಲಿಪ್ಪು ಅದನ್ನೂ ಆಮ್ಲಜನಕವೆಂದೇ ಎಣಿಸುತ್ತದೆ; ಮನುಷ್ಯ ಸಾಯುತ್ತಿದ್ದರೂ ತೊಂಬತ್ತೊಂಬತ್ತು ತೋರಿಸುತ್ತದೆ. ಪರೀಕ್ಷೆಗೆ ಬರುತ್ತದೆ ಎಂದು ಉರುಹೊಡೆದ ಮಾತು ಅದು.

"ಇವ್ರು ಎಲ್ಲಿ ಬಿದ್ದಿದ್ರು?" ಎಂದು ಕೇಳಿದೆ.

"ಹುಳದ್ ಮನೇಲಿ. ಸೊಪ್ ಹಾಕ್ತಾ ಹಾಕ್ತಾ ಹಂಗೇ ಕುಂತ್ಬಿಟ್ಳು" ಎಂದ ಯಜಮಾನ.

ಹುಳದ ಮನೆ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಂಡಿಕಲ್ ಹತ್ತಿರದ ನಮ್ಮ ಮನೆಯ ಹಿತ್ತಲಲ್ಲೂ ಒಂದಿದೆ. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ, ಅದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ರಾಕ್ಷಸ ಹಸಿವು. ಆಗ ಮನೆಯಲ್ಲಿ ಹೆಣ ಬಿದ್ದರೂ ಸೊಪ್ಪು ಹಾಕುವುದು ತಪ್ಪುವಂತಿಲ್ಲ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಗಾದೆಯಂತೆ ಹೇಳುತ್ತಿದ್ದಳು, ನಾವು ನಗುತ್ತಿದ್ದೆವು. ಚಳಿ ಬಿದ್ದರೆ ಹುಳು ಮಂಕಾಗುತ್ತದೆ, ಅದಕ್ಕೆ ಒಳಗೆ ಕೆಂಡ ಇಡಬೇಕು. ಹೊಗೆ ಹುಳಕ್ಕಾಗದು, ಅದಕ್ಕೆ ಇದ್ದಿಲನ್ನು ಅಂಗಳದಲ್ಲೇ ಉರಿಸಿ, ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿಯಾದ ಮೇಲೆ ಬಾಣಲೆಯಲ್ಲಿ ಒಳಗೆ ಒಯ್ಯುತ್ತಾರೆ. ಹೊಗೆಯಿಲ್ಲ ಎಂದ ಮೇಲೆ ಭಯವೂ ಇಲ್ಲ. ಕಿಟಕಿಗೆ ಗೋಣಿತಾಟು. ಇನ್ನು ಬಾಗಿಲು. ಊಜಿ ಎಂಬ ನೊಣ ಒಳಗೆ ಬಂದರೆ ಹುಳದ ಮೈಮೇಲೆ ಮೊಟ್ಟೆಯಿಟ್ಟು ಬೆಳೆ ಕೆಡಿಸುತ್ತದೆ. ಹಾಗಾಗಿ ಒಳಗೆ ಹೋದವರ ಬೆನ್ನಿಗೇ ಹೊರಗಿದ್ದವರು "ಬಾಗಿಲು ಹಾಕಮ್ಮ" ಎನ್ನುತ್ತಾರೆ. ನಮ್ಮ ಕಡೆಯ ಮಕ್ಕಳು ಅಮ್ಮ, ಅಪ್ಪ ಎಂದು ಕಲಿತ ಬೆನ್ನಲ್ಲೇ ಕಲಿಯುವ ಮಾತು ಅದು.

"ಒಳಗೆ ಕೆಂಡ ಇಟ್ಟಿದೀರಾ?"

"ಇಡ್ದೆ ಇನ್ನೇನಮ್ಮ, ಈ ಚಳೀಲಿ? ಹೊಗೆ ಇಲ್ಲ, ಬರೀ ಕೆಂಡ."

"ಈಗ ಒಳಗೆ ಯಾರಾದ್ರೂ ಇದಾರಾ?"

ಯಾಕೆ ಕೇಳುತ್ತಿದ್ದೇನೆಂದು ಯಜಮಾನನಿಗೆ ಅರ್ಥವಾದಂತಿರಲಿಲ್ಲ. ಈರುಳ್ಳಿ ಹಿಡಿದಿದ್ದ ನೆರೆಮನೆಯಾಕೆಯೇ ಹೇಳಿದಳು. "ಸೊಸೆ ಅವ್ಳೆ. ಇವ್ರು ಅರ್ಧಕ್ಕೇ ಬಿಟ್ಟಿದ್ರಲ್ಲ, ಮಿಕ್ಕಿದ್ ಸೊಪ್ಪು ಹಾಕ್ತಾವ್ಳೆ."

ಅತ್ತೆಯನ್ನು ಎತ್ತಿಕೊಂಡು ಬಂದು ಜಗಲಿಯಲ್ಲಿ ಮಲಗಿಸಿ, ಆಂಬುಲೆನ್ಸಿಗೆ ಫೋನ್ ಮಾಡಿ, ಸೊಸೆ ಒಳಗೆ ಹೋಗಿದ್ದಳು. ಅವಳ ಬೆನ್ನಿಗೆ ಯಾರೋ ಬಾಗಿಲು ಹಾಕಿದ್ದರು. ನಾವು ಶಿಡ್ಲಘಟ್ಟದಿಂದ ಬಂದು ತಲುಪುವಷ್ಟು ಹೊತ್ತೂ ಅವಳು ಅಲ್ಲೇ ಇದ್ದಳು.

ಓಡಬೇಡ ಎಂದು ತಂಗಿಗೆ ಹೇಳಿದ ನಾನು ಅಂದು ಓಡಿದೆ. ಹಿತ್ತಲ ಹುಳದ ಮನೆಯ ಮುಂದೆ ಸುಣ್ಣದ ಪುಡಿ ಹರಡಿತ್ತು, ಕಾಲು ತೊಳೆಯಲು ಬ್ಲೀಚಿಂಗ್ ನೀರಿನ ತಟ್ಟೆಯಿತ್ತು. ಯಜಮಾನ ನನಗಿಂತ ಮುಂಚೆ ಹೋಗಿ ಬಾಗಿಲಿಗೆ ಅಡ್ಡ ನಿಂತ.

"ಬೂಟ್ ಹಾಕ್ಕೊಂಡು ಒಳಗ್ ಬರಂಗಿಲ್ಲಮ್ಮ. ಕೈಗೆ ಬೇರೆ ಅದೇನೋ ವಾಸ್ನೇದು ಹಚ್ಕೊಂಡಿದೀರ. ಇರಿ, ನಾನೇ ಕರೀತೀನಿ." ಬಾಗಿಲಿಗೆ ಬಾಯಿಟ್ಟು ಕೂಗಿದ. "ಏನಮ್ಮಾ, ಆಯ್ತಾ? ಬಾಮ್ಮ ಆಚೆ!"

ಉತ್ತರವಿಲ್ಲ.

"ಕೇಳ್ಸಿರಲ್ಲ" ಎಂದ ನನಗೆ. "ಹುಳ ಮೇಯೋ ಸದ್ದು ಜೋರು."

ಅವನು ಕೆಟ್ಟವನಲ್ಲ. ಈಗ ಹಾಗೆ ಹೇಳುತ್ತೇನೆ. ಆಗ ಅವನನ್ನು ಕೊಂದುಬಿಡುವಷ್ಟು ಸಿಟ್ಟು ಬಂದಿತ್ತು. ಅಪ್ಪನ ವಯಸ್ಸಿನ ಮನುಷ್ಯನ ಎದೆಗೆ ಎರಡೂ ಕೈ ಕೊಟ್ಟು ನೂಕಿದೆ. ಅವನು ಬ್ಲೀಚಿಂಗ್ ತಟ್ಟೆಯ ಮೇಲೆ ಕೂತುಬಿಟ್ಟ. ಬಾಗಿಲು ತಳ್ಳಿದೆ.

ಒಳಗೆ ಹಿತವಾಗಿ ಬೆಚ್ಚಗಿತ್ತು. ಅದೇ ಭಯ ಹುಟ್ಟಿಸಿತು. ಹೊಗೆಯಿಲ್ಲ, ಕಮಟು ಇಲ್ಲ, ಸೊಪ್ಪಿನ ಹಸಿ ವಾಸನೆಯಷ್ಟೆ. ಉಸಿರು ಬಿಗಿಹಿಡಿದು, ಹುಳದ ತಟ್ಟೆ ಜೋಡಿಸಿದ ಅಟ್ಟಣಿಗೆಗಳ ಸಾಲಿನ ನಡುವೆ ಹೋದೆ. ಹುಳುಗಳು ಒಂದೇ ಸಮನೆ ಮೇಯುತ್ತಿದ್ದವು, ಒಣಗಿದ ಎಲೆಯ ಮೇಲೆ ತುಂತುರು ಬಿದ್ದ ಹಾಗೆ ಸದ್ದು. ಕೊನೆಯ ಸಾಲಿನಲ್ಲಿ ಅವಳು ಬಿದ್ದಿದ್ದಳು. ಮಗುಚಿದ ಬುಟ್ಟಿಯ ಸೊಪ್ಪೆಲ್ಲ ಅವಳ ಎದೆಯ ಮೇಲೆ, ಮಡಿಲಿನ ಮೇಲೆ ಚೆಲ್ಲಿತ್ತು. ಬೀಳುವಾಗ ಕೈತಾಗಿ ಒಂದು ತಟ್ಟೆಯೂ ವಾಲಿತ್ತು. ಅದರಿಂದ ಉದುರಿದ ಹುಳುಗಳು ಅವಳ ಸೀರೆಯ ಮೇಲೆ ಹರಿದಾಡಿಕೊಂಡು ಸೊಪ್ಪು ಮೇಯುತ್ತಿದ್ದವು.

ಅವಳ ಕಂಕುಳಿಗೆ ಕೈಹಾಕಿ ಎಳೆದೆ. ಅಷ್ಟರಲ್ಲಿ ಪೈಲಟ್ ಬಂದರು, ಇಬ್ಬರೂ ಸೇರಿ ಅಂಗಳಕ್ಕೆ ತಂದೆವು. ಮದುವೆಯಾಗಿ ವರ್ಷ ತುಂಬಿರದ ಹುಡುಗಿ, ಕೈ ತುಂಬ ಹಸಿರು ಬಳೆ. ಉಸಿರು ಇತ್ತು ಎಂದರೆ ಇತ್ತು. ಎಣ್ಣೆ ತೀರಿದ ದೀಪ ಎಳೆಯುವ ಹಾಗೆ ನಿಂತು ನಿಂತು ಎಳೆಯುತ್ತಿತ್ತು. ಕೆನ್ನೆ ಮಾತ್ರ ಕೆಂಪಗೆ, ಈಗ ತಾನೇ ಜಳಕ ಮಾಡಿ ಬಂದವಳಂತೆ.

"ಮುಖ ಚೆನ್ನಾಗೇ ಐತಲ್ಲ, ಏನೂ ಆಗಿಲ್ಲ ಬಿಡಿ" ಎಂದರು ಯಾರೋ. ಆ ಕೆಂಪೇ ವಿಷದ ಗುರುತು ಎಂದು ಅವರಿಗೆ ಹೇಳುವ ವ್ಯವಧಾನ ನನಗಿರಲಿಲ್ಲ.

ಮುಖಕ್ಕೆ ಮಾಸ್ಕ್ ಒತ್ತಿ, ರಬ್ಬರ್ ಚೀಲ ಹಿಸುಕಿ ಉಸಿರು ತುಂಬತೊಡಗಿದೆ. ಹಿಂದೆ ಕಿರ್ರೆಂದಿತು. ತಿರುಗಿ ನೋಡಿದರೆ ಯಜಮಾನ ಎದ್ದು ಬಂದು ಹುಳದ ಮನೆಯ ಬಾಗಿಲು ಎಳೆದುಕೊಳ್ಳುತ್ತಿದ್ದ. ಅದೂ ಬೇಕೆಂದು ಮಾಡಿದ್ದಲ್ಲ. ಕೈಗೆ ಬಂದ ಅಭ್ಯಾಸ.

"ತೆಗೀರಿ ಬಾಗ್ಲು!" ಎಂದು ಕಿರುಚಿದೆ.

"ಊಜಿ ಬತ್ತದಮ್ಮ. ನಾಳೆ ನಾಳಿದ್ದು ಹಣ್ಣಾಗೋ ಹುಳ" ಎಂದ. ಹಣ್ಣಾಗುವುದು ಎಂದರೆ ಹುಳು ಗೂಡು ಕಟ್ಟಲು ಸಿದ್ಧವಾಗುವುದು. ಅವನ ದನಿಯಲ್ಲಿ ಗದರಿಕೆಯಿರಲಿಲ್ಲ, ಬೇಡಿಕೆಯಿತ್ತು.

"ಇನ್ನೊಬ್ರು ಒಳಗೋಗಿ ಸಾಯ್ಬೇಕಾ? ತೆಗೀರಿ ಅಂದ್ರೆ ತೆಗೀರಿ!"

ಪೈಲಟ್ ಒದ್ದೆ ಗೋಣಿಯಲ್ಲಿ ಕೆಂಡದ ಬಾಣಲೆ ಹಿಡಿದು ತಂದು ಅಂಗಳಕ್ಕೆ ಸುರಿದರು. ಕಿಟಕಿಯ ತಾಟು ಕಿತ್ತರು. ಬಾಗಿಲಿಗೆ ಒಂದು ಹಾಲಿನ ಕ್ಯಾನ್ ಅಡ್ಡ ಇಟ್ಟರು. ಯಜಮಾನ ಅದನ್ನೇ ನೋಡುತ್ತ ನಿಂತ.

ಹುಡುಗಿಯ ಗಂಡ ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯಲ್ಲಿದ್ದ, ಅಲ್ಲಿ ಫೋನ್ ಒಳಗೆ ಬಿಡುವುದಿಲ್ಲ. ಜೊತೆಗೆ ಬರುವವರು ಯಾರು ಎಂದೆ. "ಹುಳ ಬಿಟ್ಟು ಹೆಂಗಮ್ಮ ಬರ್ಲಿ" ಎಂದ ಯಜಮಾನ. ಹೆಂಡತಿ, ಸೊಸೆ ಇಬ್ಬರೂ ಗಾಡಿಯಲ್ಲಿದ್ದರು. ನೆರೆಮನೆಯಾಕೆ ಚಪ್ಪಲಿಯನ್ನೂ ಮೆಟ್ಟದೆ ಹತ್ತಿದಳು. ನಾನು ಬಾಯಿಗೆ ಬಂದದ್ದನ್ನು ಅವನಿಗೆ ಅಂದೆ. ಏನಂದೆ ಎಂದು ಬರೆಯಲು ನಾಚಿಕೆಯಾಗುತ್ತದೆ.

ಚಿಕ್ಕಬಳ್ಳಾಪುರದ ದೊಡ್ಡ ಆಸ್ಪತ್ರೆಗೆ ನೇರ ಹೊರಟೆವು. ಗಾಡಿಯ ದೊಡ್ಡ ಸಿಲಿಂಡರಿನ ಆಮ್ಲಜನಕ ಹುಡುಗಿಗೆ, ಸಣ್ಣದು ಅತ್ತೆಗೆ. ಈ ವಿಷಕ್ಕೆ ಮದ್ದೆಂದು ನಮ್ಮ ಗಾಡಿಯಲ್ಲಿ ಇರುವುದು ಅದೊಂದೇ. ಅದು ವಿಷವನ್ನು ರಕ್ತದಿಂದ ಹೊರದಬ್ಬಬೇಕು, ಅದಕ್ಕೆ ಸಮಯ ಬೇಕು, ಸಮಯವೇ ನಮ್ಮ ಹತ್ತಿರ ಇರಲಿಲ್ಲ. ದೊಡ್ಡ ಸಿಲಿಂಡರಿನ ಮುಳ್ಳು ಇಳಿಯುತ್ತಿತ್ತು. ಹಿಂದಿನ ಕೇಸಿಗೂ ಅದನ್ನೇ ಬಳಸಿದ್ದೆವು. ಸೊಪ್ಪು ಹೇರಿದ ಟ್ರ್ಯಾಕ್ಟರೊಂದು ಎಷ್ಟು ಸೈರನ್ ಹೊಡೆದರೂ ದಾರಿ ಬಿಡದೆ ಮುಂದೆ ಮುಂದೆ ಹೋಗುತ್ತಿತ್ತು. ಪೈಲಟ್ ಕಿಟಕಿಯಿಂದ ಕೈ ಹೊರಹಾಕಿ ಉರ್ದುವಿನಲ್ಲಿ ಕೂಗುತ್ತಿದ್ದರು. ಅದು ಬೈಗುಳವೋ ಪ್ರಾರ್ಥನೆಯೋ ನನಗೆ ತಿಳಿಯಲಿಲ್ಲ.

ಚೀಲ ಹಿಸುಕಿ ಹಿಸುಕಿ ನನ್ನ ಬೆರಳು ಮರಗಟ್ಟಿದವು. ಹುಡುಗಿಯ ಬೆರಳಿನ ಕ್ಲಿಪ್ಪು ಮಾತ್ರ ಲಜ್ಜೆಯಿಲ್ಲದೆ ತೊಂಬತ್ತೊಂಬತ್ತು, ತೊಂಬತ್ತೊಂಬತ್ತು ಎಂದು ತೋರಿಸುತ್ತಿತ್ತು. ಅದನ್ನು ಕಿತ್ತೆಸೆದೆ. ಅವಳ ಹೆಸರು ನನಗೆ ಗೊತ್ತಿರಲಿಲ್ಲ. "ಏನಮ್ಮಾ, ಕಣ್ಬಿಡಮ್ಮ. ಉಸ್ರು ತಗೋಮ್ಮ. ನಮ್ಮಮ್ಮ ಅಲ್ವಾ ನೀನು, ತಗೋ" ಎಂದು ಬೇಡಿದೆ. ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ನನಗೆ ನಂಬಿಕೆಯಿಲ್ಲದ ದೇವರನ್ನೂ ಬಿಡಲಿಲ್ಲ.

ಪಕ್ಕದ ಸೀಟಿನಲ್ಲಿ ನೆರೆಮನೆಯಾಕೆಯ ತೊಡೆಯ ಮೇಲೆ ತಲೆಯಿಟ್ಟಿದ್ದ ಅತ್ತೆ ನಡುನಡುವೆ ಕನವರಿಸುತ್ತಿದ್ದಳು. ಆ ಕಡೆಯ ಎಷ್ಟೋ ಮನೆಗಳಂತೆ ಅವರ ಮನೆಮಾತು ತೆಲುಗು.

"ತಲುಪು ವೆಯ್ಯಮ್ಮಾ... ತಲುಪು ವೆಯ್ಯಿ..."

ಬಾಗಿಲು ಹಾಕಮ್ಮ ಎನ್ನುತ್ತಿದ್ದಳು. ಎದುರಿಗೆ ಸೊಸೆ ಮಲಗಿರುವುದು ಅವಳಿಗೆ ಗೊತ್ತಿರಲಿಲ್ಲ. ಅವಳ ಮನಸ್ಸು ಇನ್ನೂ ಹುಳದ ಮನೆಯಲ್ಲಿತ್ತು. ಸೊಸೆಗೇ ಹೇಳುತ್ತಿದ್ದಳೋ ಏನೋ. ನನಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು, ಎರಡೂ ಕೈ ಚೀಲದ ಮೇಲಿದ್ದವು.

ಆಸ್ಪತ್ರೆಯವರು ಸುದ್ದಿ ತಿಳಿದು ಸಿದ್ಧರಾಗಿ ಬಾಗಿಲಲ್ಲೇ ನಿಂತಿದ್ದರು. ಸ್ಟ್ರೆಚರ್ ಇಳಿಸುತ್ತಿದ್ದಂತೆ ನಾಲ್ಕಾರು ಕೈಗಳು ಹುಡುಗಿಯನ್ನು ಎತ್ತಿಕೊಂಡವು. ಆಗ ಅವಳು ಉಸಿರಾಡುತ್ತಿದ್ದಳು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಳಗಿನ ಜೋಡಿ ಬಾಗಿಲು ತೂಗಾಡಿ ತೂಗಾಡಿ ಮುಚ್ಚಿಕೊಂಡಿತು.

ಗಾಡಿ ತೊಳೆಯುವಾಗ ನನ್ನ ತೋಳಿನ ಮೇಲೆ ಒಂದು ಹುಳು ಕಂಡಿತು. ಕಿರುಬೆರಳಿನಷ್ಟು ದಪ್ಪ, ತಲೆಯೆತ್ತಿ ಸೊಪ್ಪು ಹುಡುಕುತ್ತಿತ್ತು. ಹೊಸಕಿಹಾಕಬೇಕೆನಿಸಿತು. ಅದರ ಅನ್ನ ತಿಂದೇ ಬೆಳೆದವಳು ನಾನು, ಕೈ ಬರಲಿಲ್ಲ. ಬೇಲಿಯ ಗಿಡದ ಮೇಲೆ ಬಿಟ್ಟೆ. ಕಾಗೆ ಬಿಡುವುದಿಲ್ಲ ಎಂದು ಗೊತ್ತಿತ್ತು.

ಅಲ್ಲಿಂದ ಮುಂದೆ ಏನಾಯಿತೆಂದು ನನಗೆ ಯಾರೂ ಹೇಳಲಿಲ್ಲ. ಹೇಳುವ ಪದ್ಧತಿಯೇ ಇಲ್ಲ. ಅದೇ ಸಂಜೆ ಬೈಕ್ ಬಿದ್ದವನ ಕೇಸು, ಮಾರನೇ ದಿನ ಹೆರಿಗೆ, ಆಮೇಲೆ ಹಾವು ಕಚ್ಚಿದ್ದು. ಚಿಕ್ಕಬಳ್ಳಾಪುರಕ್ಕೆ ಹೋದಾಗಲೆಲ್ಲ ಕೇಳಬೇಕೆಂದುಕೊಳ್ಳುತ್ತಿದ್ದೆ. ಪೈಲಟ್ ನನ್ನ ಮುಖ ನೋಡಿಯೇ "ಬೇಡಮ್ಮ" ಎನ್ನುತ್ತಿದ್ದರು. ಅನ್ನ ಸೇರಲಿಲ್ಲ. ತಟ್ಟೆಯಲ್ಲಿ ಸೊಪ್ಪಿನ ಸಾರು ಕಂಡರೆ ಎದ್ದು ಹೋಗುತ್ತಿದ್ದೆ. ಮುಚ್ಚಿದ ಬಾಗಿಲು ಕಂಡರೆ ತೆಗೆದು ನೋಡಬೇಕು, ಬಸ್ಸಿನಲ್ಲಿ ಕಿಟಕಿ ಹಾಕಿದವರ ಮೇಲೆ ಜಗಳ. ಕೆಲಸ ಬಿಡುತ್ತೇನೆ ಎಂದು ಅಮ್ಮನಿಗೆ ಹೇಳಿದೆ.

"ಬಿಡು, ಬೇಜಾನ್ ಆಯ್ತು. ಮನೇಲಿದ್ದು ಹುಳ ಸಾಕ್ಕೊಂಡಿರು, ನಂಗೂ ಒಂದ್ ಕೈ ಸಿಕ್ಕಂಗಾಗುತ್ತೆ" ಎಂದಳು ಅಮ್ಮ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಲಸಕ್ಕೇ ಹೋದೆ. ಮನೆಯಲ್ಲಿ ಮಾತ್ರ ರಂಪ ಮಾಡಿ ಕೆಂಡ ಇಡುವುದನ್ನು ಬಿಡಿಸಿದೆ. ಕೆಂಡದ ಗಾಳಿ ವಿಷ, ಜನ ಸಾಯುತ್ತಾರೆ ಎಂದೆ. ಯಾರು ಸತ್ತರು, ಎಲ್ಲಿ ಎಂದು ಅಪ್ಪ ಕೇಳಿದರು. ನನಗೇ ಗೊತ್ತಿರಲಿಲ್ಲವಲ್ಲ. ನನ್ನ ಕಾಟ ತಡೆಯಲಾರದೆ ಅಪ್ಪ ಕರೆಂಟಿನ ಹೀಟರ್ ತಂದರು.

ಕೊನೆಗೆ, ಹತ್ತು ದಿನವೂ ಆಗಿರಲಿಲ್ಲ, ಒಂದು ರಜೆಯ ದಿನ ತಡೆಯಲಾಗಲಿಲ್ಲ. ಪೈಲಟ್‌ಗೆ ಹೇಳದೆ ಬಸ್ಸು ಹತ್ತಿ ಆ ಹಳ್ಳಿಗೆ ಹೋದೆ. ದಾರಿಯುದ್ದಕ್ಕೂ ಒಂದೇ ಚಿತ್ರ ಕಟ್ಟಿಕೊಂಡಿದ್ದೆ: ಆ ಹುಡುಗಿ ಜಗಲಿಯಲ್ಲಿ ಕೂತು ನನ್ನ ಗುರುತು ಸಿಗದೆ "ಯಾರ್ ಬೇಕಿತ್ತು?" ಎನ್ನುತ್ತಾಳೆ. ನಾನು "ಯಾರೂ ಇಲ್ಲಮ್ಮ" ಎಂದು ತಿರುಗಿ ಬರುತ್ತೇನೆ. ಅಷ್ಟು ಸಾಕಿತ್ತು ನನಗೆ.

ಜಗಲಿಯಲ್ಲಿ ಅತ್ತೆ ಮಾವ ಇಬ್ಬರೇ ಕೂತು ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದರು. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ. ಅಂದು ಮೇಯುತ್ತಿದ್ದ ಅದೇ ಹುಳುಗಳ ಗೂಡು. ಸಮವಸ್ತ್ರವಿಲ್ಲದಿದ್ದರೂ ಯಜಮಾನನಿಗೆ ನನ್ನ ಗುರುತು ಸಿಕ್ಕಿತು. ಎದ್ದು ನಿಂತ. ನಾನು ಬಾಯಿ ತೆರೆಯುವ ಮುಂಚೆ ಹೇಳಿದ.

"ಹೋಗ್ಬಿಟ್ಳಮ್ಮ. ಅಲ್ಲೇ, ಆಸ್ಪತ್ರೇಲೇ. ಕಣ್ ಬಿಡ್ಲೇ ಇಲ್ಲ."

ಅತ್ತೆ ತಲೆಯೆತ್ತಲಿಲ್ಲ. ಗೂಡು ಬಿಡಿಸುತ್ತಲೇ ಇದ್ದಳು. ಮಗ ಮನೆಗೆ ಬರುವುದನ್ನು ಬಿಟ್ಟಿದ್ದಾನೆ ಎಂದಷ್ಟೇ ಹೇಳಿದಳು. ಕುಡಿಯಲು ನೀರು ಕೊಟ್ಟರು. ನನ್ನ ಮೇಲೆ ಬೀಳುತ್ತಾರೆ, ನೂಕಿದ್ದಕ್ಕೆ, ಬೈದದ್ದಕ್ಕೆ, ಉಳಿಸಲಾಗದ್ದಕ್ಕೆ ಕೇಳುತ್ತಾರೆ ಎಂದು ಕಾದೆ. ಕೇಳಿದ್ದರೆ ಒಳ್ಳೆಯದಿತ್ತು. ಯಜಮಾನ ನನ್ನನ್ನು ಹಿತ್ತಲಿಗೆ ಕರೆದ.

ಹುಳದ ಮನೆಗೆ ಬಾಗಿಲಿರಲಿಲ್ಲ. ಕೀಲಿನಿಂದ ಕಳಚಿ ಗೋಡೆಗೆ ಒರಗಿಸಿದ್ದ. ಪೈಲಟ್ ಇಟ್ಟ ಹಾಲಿನ ಕ್ಯಾನ್ ಅಲ್ಲೇ ಇತ್ತು.

"ಅವತ್ತಿಂದ ಹಾಕ್ಲೇ ಇಲ್ಲಮ್ಮ. ಕೈ ಬರ್ಲಿಲ್ಲ. ಬೆಳೆ ಹೋದ್ರೆ ಹೋಗ್ಲಿ, ಊಜಿ ಬರ್ಲಿ, ಇರುವೆ ತಿನ್ಲಿ, ಎಲ್ಲಾ ಸಾಯ್ಲಿ ಅಂತ ಬಿಟ್ಬಿಟ್ಟೆ. ಸೊಪ್ಪನ್ನ ಮಾತ್ರ ಅಕ್ಕಪಕ್ಕದೋರು ಹಾಕಿದ್ರು." ಜೇಬಿನಿಂದ ಒಂದು ಗೂಡು ತೆಗೆದು ನನ್ನ ಅಂಗೈಗೆ ಇಟ್ಟ. ಗಟ್ಟಿ ಗೂಡು, ಒತ್ತಿದರೆ ತಗ್ಗದಷ್ಟು ಗಟ್ಟಿ. ಹುಳದ ಮನೆಯಲ್ಲಿ ಬೆಳೆದವಳಿಗೆ ಅದು ಎಂಥ ಬೆಳೆಯೆಂದು ಯಾರೂ ಹೇಳಬೇಕಿಲ್ಲ. "ನೋಡಮ್ಮ. ಒಂದ್ ಹುಳಾನೂ ಕೆಡ್ಲಿಲ್ಲ. ಇಂಥ ಗೂಡು ನಾನು ಯಾವತ್ತೂ ಬೆಳ್ದಿರ್ಲಿಲ್ಲ. ಬಾಗ್ಲು ತೆಗ್ದಿಟ್ರೂ ಏನೂ ಆಗ್ತಿರ್ಲಿಲ್ಲಮ್ಮ. ಏನೂ ಆಗ್ತಿರ್ಲಿಲ್ಲ."

ಅದನ್ನೇ ಹೇಳುತ್ತ ಹೋದ. ನನಗೆ ಹೇಳುತ್ತಿದ್ದನೋ, ಕಳಚಿಟ್ಟ ಬಾಗಿಲಿಗೋ. ನಾನು ಅಲ್ಲೇ ಸುಣ್ಣದ ಪುಡಿಯ ಮೇಲೆ ಕೂತು ಅತ್ತುಬಿಟ್ಟೆ. ಅವನಿಗೆ ಸಮಾಧಾನ ಹೇಳುವ ಒಂದು ಮಾತೂ ನನ್ನ ಯಾವ ಪಾಠದಲ್ಲೂ ಇರಲಿಲ್ಲ.

ಪೈಲಟ್ ಹೇಳಿದ್ದು ಸರಿ. ಕೇಳಬಾರದಿತ್ತು. ಆದರೂ ಕೇಳಿದವಳು ಈ ಕೆಲಸದಲ್ಲಿ ಉಳಿದಿದ್ದೇನೆ. ಯಾಕೆ ಉಳಿದೆ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ದೊಡ್ಡ ಉತ್ತರವಿಲ್ಲ. ಯಾರ ಮನೆಗೆ ಹೋದರೂ ಮೊದಲು "ಒಳಗೆ ಇನ್ಯಾರಾದ್ರೂ ಇದಾರಾ?" ಎಂದು ಕೇಳುತ್ತೇನೆ. ಕೇಳುವವಳೊಬ್ಬಳು ಇರಲಿ ಎಂದು ಹೋಗುತ್ತೇನೆ. ತಂಗಿಗೆ ಇದನ್ನು ಹೇಳಬೇಕಿತ್ತು. ಇಸ್ತ್ರಿ ಮಾಡಿದ ಆ ಬಟ್ಟೆ, ಕನ್ನಡಿಯ ಮುಂದಿನ ಆ ಮುಖ ನೋಡಿ ಬಾಯಿ ಬರಲಿಲ್ಲ. ಸೋಮವಾರದ ತನಕವಾದರೂ ನಗಲಿ ಎಂದುಕೊಂಡೆ.

ಇಂದು ಬೆಳಗ್ಗೆ ನಮ್ಮಲ್ಲಿ ಕರೆಂಟಿರಲಿಲ್ಲ. ಚಳಿ ಹಲ್ಲು ಕಡಿಸುತ್ತಿತ್ತು. ನಮ್ಮ ಹುಳವೂ ನಾಲ್ಕನೇ ಜ್ವರ ಎದ್ದಿದೆ. ನಾನು ಸ್ನಾನ ಮುಗಿಸಿ ಹಿತ್ತಲಿಗೆ ಬಂದಾಗ ಅಂಗಳದ ಮೂಲೆಯಲ್ಲಿ ಇದ್ದಿಲು ಉರಿಸಿದ ಬೂದಿ ಕಂಡಿತು. ಹೀಟರ್ ಇಲ್ಲವಲ್ಲ ಎಂದು ಅಮ್ಮ ಇವತ್ತೊಂದು ದಿನ ಬಾಣಲೆ ಒಳಗೆ ಇಟ್ಟಿದ್ದಳು. ಹೊಗೆ ಪೂರ್ತಿ ಹೋದ ಮೇಲೆಯೇ ಇಟ್ಟೆ ಎಂದು ಆಮೇಲೆ ಆಣೆ ಹಾಕಿದಳು. ತಂಗಿ ಸೊಪ್ಪಿನ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಆಗ ತಾನೇ ಒಳಗೆ ಹೋದಳು. ನಾನು ಅವಳ ಹಿಂದೆಯೇ ಇದ್ದೆ.

"ಅಕ್ಕಾ, ಬಾಗಿಲು ಹಾಕೇ, ಊಜಿ ಬರುತ್ತೆ" ಎಂದಳು ಒಳಗಿನಿಂದ.

ನನ್ನ ಕೈ ಆಗಲೇ ಬಾಗಿಲಿನ ಮೇಲಿತ್ತು. ಅರ್ಧ ಎಳೆದಿದ್ದೆ. ಇಷ್ಟೆಲ್ಲ ಕಂಡವಳ ಕೈ ಅದು. ಕೈ ನೋಡಿಕೊಂಡೆ.

"ಆಚೆ ಬಾ" ಎಂದೆ.

"ಸೊಪ್ ಹಾಕ್ಬಿಟ್ ಬರ್ತೀನಿ ಇರೇ."

"ಬುಟ್ಟಿ ಅಲ್ಲೇ ಹಾಕು. ಈಗ್ಲೇ ಬಾ ಆಚೆ. ನಿಂಗೆ ಒಂದ್ ಮಾತು ಹೇಳೋದು ಮರ್ತಿದ್ದೆ."

ಅವಳು ಗೊಣಗುತ್ತ ಅಟ್ಟಣಿಗೆಗಳ ನಡುವೆ ನಡೆದು ಬಂದು ಹೊಸ್ತಿಲು ದಾಟುವವರೆಗೂ ನಾನು ಆ ಬಾಗಿಲನ್ನು ಎರಡೂ ಕೈಯಿಂದ ತೆರೆದು ಹಿಡಿದುಕೊಂಡೇ ನಿಂತಿದ್ದೆ.